ಕಡೇ ಕುಸ್ತಿಯೇ ಯಾಕೆ ಸಪ್ಪೆ?

ಗಡಿಭಾಗದ ಕುಸ್ತಿ ಮೈದಾನಗಳಲ್ಲಿ ಜನರಿಗೆ ಹೆಚ್ಚು ನಿರಾಸೆ ಮಾಡುವುದು ಹೆಚ್ಚು ದುಡ್ಡು ಸುರಿದ ಕುಸ್ತಿಯೇ. ಶಿರಗುಪ್ಪಿ, ಜುಗೂಳ, ಶೇಡಬಾಳ, ಉಗಾರ, ಹೀಗೆ ಕಾಗವಾಡ ತಾಲ್ಲೂಕಿನ ಯಾವ ಊರಿನ ಕಟ್ಟೆಯ ಮೇಲೆ ಕೂತು ಈ ಮಾತು ತೆಗೆದರೂ ಇಲ್ಲವೆನ್ನುವವರು ಸಿಗುವುದು ಕಷ್ಟ. ಫ್ಲೆಕ್ಸಿನ ಮೇಲೆ ಗದೆ ಹೊತ್ತು ನಿಂತ ಇಬ್ಬರು ಪೈಲವಾನರು, ಹೆಸರಿನ ಹಿಂದೆ ಮುಂದೆ ಕೇಸರಿ ಪದವಿಗಳು, ಕೆಳಗೆ ‘ನಂಬರ್ 1 ಕುಸ್ತಿ’ ಎಂಬ ದಪ್ಪಕ್ಷರ. ಆ ನಂಬರ್ ಒಂದು ನಡೆಯುವುದು ಕಟ್ಟಕಡೆಗೆ, ಹೊತ್ತು ಮುಳುಗಿ ಮೈದಾನಕ್ಕೆ ದೊಡ್ಡ ದೀಪ ಹತ್ತಿದ ಮೇಲೆ. ಇಬ್ಬರೂ ಹೌದಾಕ್ಕೆ, ಅಂದರೆ ಕುಸ್ತಿಯ ಮಣ್ಣಿನ ಕಣಕ್ಕೆ, ಇಳಿಯುತ್ತಾರೆ, ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾರೆ, ತೊಡೆ ತಟ್ಟುತ್ತಾರೆ, ತಲೆಗೆ ತಲೆ ಹಚ್ಚುತ್ತಾರೆ. ಆಮೇಲೆ ಅರ್ಧ ತಾಸು ಹಾಗೇ ನಿಲ್ಲುತ್ತಾರೆ. ‘ಕುಸ್ತಿ ಹಿಡೀರೋ, ಬೀಗರಂಗ ತೆಕ್ಕಿ ಬಡದ ನಿಂತೀರಲ್ಲ’ ಎಂದು ಹಿಂದಿನ ಸಾಲಿನಿಂದ ಯಾರೋ ಕೂಗುತ್ತಾರೆ. ಪಂಚರು ಇಬ್ಬರನ್ನೂ ಬಿಡಿಸಿ ನಡುವೆ ತಂದು ನಿಲ್ಲಿಸುತ್ತಾರೆ. ಮತ್ತೆ ತೆಕ್ಕೆ. ಕೊನೆಗೆ ಇಬ್ಬರ ಕೈಯನ್ನೂ ಎತ್ತಿ ಹಿಡಿದು ‘ಬರಾಬರಿ’ ಎಂದು ಘೋಷಿಸಿದಾಗ, ಅರ್ಧ ಮೈದಾನ ಆಗಲೇ ಬೈಕು ಚಾಲೂ ಮಾಡಿರುತ್ತದೆ.

ಮರುದಿನ ಪತ್ರಿಕೆಯಲ್ಲಿ ಬರುವುದು ಫಲಿತಾಂಶ ಮಾತ್ರ. ಇಂಥವರು ಇಂಥವರನ್ನು ಚಿತ್ ಮಾಡಿದರು, ಇಂಥ ಮುಖಂಡರು ಉದ್ಘಾಟಿಸಿದರು, ಇಂಥ ದಾನಿಗಳು ಬೆಳ್ಳಿ ಗದೆ ಕೊಟ್ಟರು, ಅಷ್ಟೇ. ಸಿನಿಮಾಕ್ಕೆ ವಿಮರ್ಶೆ ಇದೆ, ನಾಟಕಕ್ಕೆ ಇದೆ, ಕ್ರಿಕೆಟ್ಟಿಗಂತೂ ಒಂದೊಂದು ಎಸೆತಕ್ಕೂ ಪಂಡಿತರಿದ್ದಾರೆ. ಸಾವಿರಾರು ಜನ ಮಧ್ಯಾಹ್ನದಿಂದ ರಾತ್ರಿವರೆಗೆ ನೆಲದ ಮೇಲೆ ಕೂತು ನೋಡುವ ಕುಸ್ತಿಗೆ ಮಾತ್ರ ವರದಿ ಸಾಕು ಎಂದು ನಾವು ಯಾಕೋ ತೀರ್ಮಾನಿಸಿಬಿಟ್ಟಿದ್ದೇವೆ. ವಿಮರ್ಶಕರಿಗೆ ಬರವೇನಿಲ್ಲ. ನೆರೆದವರಲ್ಲಿ ನಾಲ್ಕರಲ್ಲೊಬ್ಬ ಹರೆಯದಲ್ಲಿ ತಾಲೀಮಿನ, ಅಂದರೆ ಗರಡಿಯ, ಮಣ್ಣು ಮೈಗೆ ಹಚ್ಚಿಕೊಂಡವನೇ. ಅವರ ಮಾತು ಅಚ್ಚಿಗೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಈ ಸೀಮೆಗೆ ಕುಸ್ತಿಯ ಕಣ್ಣು ಬಂದ ದಾರಿ ಪಶ್ಚಿಮದ್ದು. ಶಿರಗುಪ್ಪಿಗೆ ಜಿಲ್ಲಾ ಕೇಂದ್ರವಾದ ಬೆಳಗಾವಿಗಿಂತ ಮಿರಜ ಹತ್ತಿರ, ಸಾಂಗಲಿ ಹತ್ತಿರ, ಕೊಲ್ಹಾಪುರವೂ ದೂರವೇನಲ್ಲ. ದವಾಖಾನೆಗೆ, ಬಾಜಾರಕ್ಕೆ ಅತ್ತ ಹೋಗುವ ಜನ ಮಗನನ್ನು ಪೈಲವಾನ ಮಾಡಬೇಕೆಂದಾಗಲೂ ಅತ್ತಲೇ ನೋಡಿದರು. ಶಾಹುಪುರಿ, ಗಂಗಾವೇಶ, ಮೋತಿಬಾಗ ಎಂಬ ಕೊಲ್ಹಾಪುರದ ತಾಲೀಮುಗಳ ಹೆಸರು ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಮನೆಗಳಲ್ಲಿ ಶಾಲೆಯ ಹೆಸರಿನಷ್ಟೇ ಸಲೀಸು. ಛತ್ರಪತಿ ಶಾಹೂ ಮಹಾರಾಜರು 1902ರಲ್ಲಿ ಇಂಗ್ಲೆಂಡಿಗೆ ಹೋದ ಪ್ರವಾಸದಲ್ಲಿ ರೋಮಿನ ಕೊಲೊಸಿಯಂ ನೋಡಿ ಬಂದು, ಅದೇ ಗುಂಗಿನಲ್ಲಿ ಕಟ್ಟಿಸಿದ ಖಾಸಬಾಗ ಮೈದಾನ 1912ರಲ್ಲಿ ತೆರೆಯಿತು. ಅದರ ಜಾಣ್ಮೆ ಇರುವುದು ಇಳಿಜಾರಿನಲ್ಲಿ. ನಡುವೆ ಕೆಂಪು ಮಣ್ಣಿನ ಹೌದಾ, ಸುತ್ತ ಮೇಲೇರುತ್ತ ಹೋಗುವ ನೆಲ. ಕಟ್ಟಕಡೆಯ ಸಾಲಿನವನಿಗೂ ಪೈಲವಾನನ ಪಾದ ಕಾಣುತ್ತದೆ. ನಮ್ಮ ಊರುಗಳ ಮೈದಾನ ಮಾಡುವವರು ವೇದಿಕೆಗೆ, ಪೆಂಡಾಲಿಗೆ, ಗಣ್ಯರ ಸೋಫಾಗಳಿಗೆ ಕೊಡುವ ಗಮನದ ಕಾಲುಭಾಗವನ್ನು ಇದಕ್ಕೆ ಕೊಟ್ಟಿದ್ದರೂ ಸಾಕಿತ್ತು. ಕುಸ್ತಿಯಲ್ಲಿ ಕೈ ಸುಳ್ಳು ಹೇಳುತ್ತದೆ, ಕಾಲು ಹೇಳುವುದಿಲ್ಲ. ಪಾದ ಕಾಣದ ಕಡೆ ಕೂತವನು ಕುಸ್ತಿಯ ಅರ್ಧವನ್ನೇ ನೋಡಿರುತ್ತಾನೆ.

ಮೊದಲು ನಡೆಯುವುದು ಚಿಲ್ಟುಗಳ ಕುಸ್ತಿ. ಎಂಟು-ಹತ್ತು ವರ್ಷದ ಹುಡುಗರು, ಕಾಯಿಗೋ ಹತ್ತಿಪ್ಪತ್ತು ರೂಪಾಯಿಗೋ ಹಿಡಿಯುತ್ತಾರೆ. ತೂಕದ ಯಂತ್ರವಿಲ್ಲ. ಊರ ಹಿರಿಯರು ಇಬ್ಬರನ್ನು ಭುಜಕ್ಕೆ ಭುಜ ಹಚ್ಚಿ ನಿಲ್ಲಿಸಿ, ತೋಳು ಒತ್ತಿ ನೋಡಿ, ‘ಜೋಡಿ ಆತು’ ಎನ್ನುತ್ತಾರೆ. ನನ್ನ ಮಟ್ಟಿಗೆ ಇಡೀ ದಿನದ ಅತ್ಯಂತ ನಾಜೂಕಿನ ಕೆಲಸ ಇದೇ. ಜೋಡಿ ಸರಿ ಕಟ್ಟಿದರೆ ಅರ್ಧ ಕುಸ್ತಿ ಗೆದ್ದಂತೆ, ತಪ್ಪಿದರೆ ಯಾರ ಪಟ್ಟಿಗೂ ಅರ್ಥವಿಲ್ಲ. ಇದು ಇಲ್ಲಿಯ ಹೊಸ ಜ್ಞಾನವೂ ಅಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪೇಸ್ ಮಹಾನವಮಿಯ ಜಟ್ಟಿ ಕಾಳಗ ನೋಡಿ ಬೆರಗಾಗಿ ಬರೆದಿದ್ದಾನೆ. ಹಲ್ಲು ಉದುರುವ, ಕಣ್ಣು ಹೋಗುವ ಹೊಡೆತಗಳ ಜೊತೆಗೆ ಅವನು ಗಮನಿಸಿದ್ದು ಮತ್ತೊಂದು ಸಂಗತಿ: ಇಬ್ಬರನ್ನೂ ಕಣದಲ್ಲಿ ಸರಿಸಮವಾಗಿ ನಿಲ್ಲಿಸಲು, ಗೆದ್ದವನಿಗೆ ಸಲ್ಲುವ ಮರ್ಯಾದೆ ತೀರ್ಮಾನಿಸಲು ಅಲ್ಲಿ ನಾಯಕರು, ತೀರ್ಪುಗಾರರು ಇದ್ದರು. ಅದಕ್ಕೂ ನಾನೂರು ವರ್ಷ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗ ಇಟ್ಟು, ಮಲ್ಲರನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಳ ಎಂದು ವಿಂಗಡಿಸಿದ್ದ. ರಾಜನಿಗೂ ಗೊತ್ತಿತ್ತು, ನೋಡುವ ಸುಖ ಶುರುವಾಗುವುದು ಜೋಡಿಯಿಂದ ಎಂದು.

ಚಿಲ್ಟುಗಳ ಕುಸ್ತಿಯನ್ನು ವಿಮರ್ಶಿಸಲು ಹೋಗಬಾರದು, ನೋಡಿ ನಗಬೇಕು. ಗೆದ್ದ ಹುಡುಗ ನೋಟು ಹಿಡಿದು ಸುತ್ತು ಹೊಡೆಯುವಾಗ ಸೋತ ಹುಡುಗ ಇನ್ನೂ ಮಣ್ಣಿನಲ್ಲೇ ಕೂತು ಅಳುತ್ತಿರುತ್ತಾನೆ, ಅವನಿಗೂ ಯಾರೋ ಐದು ರೂಪಾಯಿ ಕೊಟ್ಟು ಕಳಿಸುತ್ತಾರೆ.

ನಿಜವಾದ ಕುಸ್ತಿ ಸಿಗುವುದು ಇಳಿಹೊತ್ತಿನಲ್ಲಿ, ಬಿಸಿಲು ಹಳದಿಗೆ ತಿರುಗುವಾಗ. ಹದಿನೇಳು, ಹದಿನೆಂಟರ ಹುಡುಗರು. ತಾಲೀಮಿಗೆ ಸೇರಿ ಮೂರು ನಾಲ್ಕು ವರ್ಷವಾಗಿದೆ, ಹೆಸರು ಇನ್ನೂ ಆಗಿಲ್ಲ. ಇಲ್ಲಿ ಗೆದ್ದರೆ ಮುಂದಿನ ಊರಿನ ಫ್ಲೆಕ್ಸಿನಲ್ಲಿ ಮೂಲೆಯ ಒಂದು ಫೋಟೊ ಸಿಗುತ್ತದೆ. ಆ ಹಸಿವು ಕಾಲಿನಲ್ಲಿ ಕಾಣುತ್ತದೆ. ಇವರು ತಲೆಗೆ ತಲೆ ಹಚ್ಚಿ ನಿಲ್ಲುವುದಿಲ್ಲ, ಸುತ್ತುತ್ತಾರೆ. ಒಬ್ಬ ಎಡಗೈಯಿಂದ ಎದುರಾಳಿಯ ಕುತ್ತಿಗೆ ಜಗ್ಗುತ್ತಾನೆ. ಜಗ್ಗಿದ್ದು ಬೀಳಿಸಲಿಕ್ಕಲ್ಲ, ಅವನು ತಲೆ ಹಿಂದಕ್ಕೆಳೆಯಲಿ ಎಂದು. ತಲೆ ಹಿಂದೆ ಹೋದದ್ದೇ ತಡ, ಸೊಂಟ ಮುಂದೆ ಬರುತ್ತದೆ, ಬಗಲು ತೆರೆಯುತ್ತದೆ. ಅಷ್ಟರಲ್ಲಿ ಈತ ಬಗಲ ಕೆಳಗೆ ತಲೆ ತೂರಿಸಿ, ಒಂದು ಕೈಯನ್ನು ತೊಡೆಗಳ ನಡುವೆ ಹಾಕಿ, ಇಡೀ ಆಳನ್ನು ಎರಡೂ ಹೆಗಲ ಮೇಲೆ ಅಡ್ಡ ಹೊತ್ತು ನಿಂತಿರುತ್ತಾನೆ. ಅದು ಕಲಾಜಂಗ. ಮೈದಾನವೆಲ್ಲ ಎದ್ದು ನಿಲ್ಲುವ ಪಟ್ಟು. ಹಲಗಿಯ ಬಡಿತ ತಾನಾಗಿಯೇ ಏರುತ್ತದೆ.

ಆದರೆ ನೋಡಬೇಕಾದ್ದು ಹೊತ್ತದ್ದನ್ನಲ್ಲ, ಇಳಿಸಿದ್ದನ್ನು. ಜಂಗೀ ನಿಕಾಲಿ ಕುಸ್ತಿಯಲ್ಲಿ ಎತ್ತಿದ್ದಕ್ಕೆ ಅಂಕವಿಲ್ಲ. ಎರಡೂ ಭುಜ ಮಣ್ಣಿಗೆ ತಾಗಿ ಚಿತ್ ಆದರೆ ಮಾತ್ರ ನಿಕಾಲ. ಅರೆಬೆಂದ ಪೈಲವಾನ ಚಪ್ಪಾಳೆಗೆ ಮರುಳಾಗಿ ಹೆಗಲ ಮೇಲಿದ್ದವನನ್ನು ಧೊಪ್ಪನೆ ಎಸೆಯುತ್ತಾನೆ. ಎಸೆತಕ್ಕೆ ಸಿಕ್ಕವ ಗಾಳಿಯಲ್ಲೇ ತಿರುಗಿ ಹೊಟ್ಟೆ ಅಡಿಯಾಗಿ ಬಿದ್ದು ಬಚಾವಾಗುತ್ತಾನೆ. ಪಳಗಿದವನು ಎಸೆಯುವುದಿಲ್ಲ, ತಾನೂ ಜೊತೆಗೇ ಇಳಿಯುತ್ತಾನೆ. ಕೈಬಿಡದೆ, ಎದೆಗೆ ಎದೆ ಕೊಟ್ಟು, ಭುಜ ನೆಲಕ್ಕೆ ತಾಗುವವರೆಗೂ. ಢಾಕ್ ಎಂಬ ಪಟ್ಟಿನಲ್ಲೂ ಹೀಗೆಯೇ. ಕೈ ಕಸಿದುಕೊಂಡು, ಸೊಂಟ ಅಡ್ಡ ಕೊಟ್ಟು, ಕಾಲು ಚಾಚಿ ಹೊರಳಿಸುವುದನ್ನು ಎಲ್ಲರೂ ಕಲಿತಿರುತ್ತಾರೆ. ಹೊರಳಿಸಿದ ಮೇಲೆ ಆ ಕೈಯನ್ನು ಇನ್ನೂ ಎಷ್ಟು ಹೊತ್ತು ಹಿಡಿದಿರುತ್ತಾನೆ ಎಂಬುದರಲ್ಲಿ ಅವನಿಗೆ ಕಲಿಸಿದ ವಸ್ತಾದ ಯಾರು ಎಂದು ಗೊತ್ತಾಗುತ್ತದೆ. ಇಂಥ ಕುಸ್ತಿ ನಾಲ್ಕು ನಿಮಿಷದಲ್ಲಿ ಮುಗಿದರೂ ಹೊಟ್ಟೆ ತುಂಬುತ್ತದೆ. ಸೋತವನ ಬಗ್ಗೆಯೂ ಜನ ಮಾತಾಡುತ್ತಾರೆ: ‘ಸೋತ್ರ ಸೋತ ಬಿಡು, ಹುಡುಗಂದು ಕಾಲ ಭಾರಿ ಐತಿ.’

ಈಚಿನ ವರ್ಷಗಳಲ್ಲಿ ಹೆಣ್ಣುಮಕ್ಕಳ ಕುಸ್ತಿಯೂ ಈ ಮೈದಾನಗಳಿಗೆ ಬಂದಿದೆ. ಹಳಿಯಾಳ, ಗದಗ, ಬೆಳಗಾವಿಯ ಕ್ರೀಡಾ ವಸತಿ ನಿಲಯಗಳಲ್ಲಿ ಮ್ಯಾಟಿನ ಮೇಲೆ ಪಳಗಿದವರು ಇವರು. ಅವರ ಕುಸ್ತಿಗೆ ಮಣ್ಣಿನ ಕುಸ್ತಿಗಿಂತ ಬೇರೆಯದೇ ಲಯವಿದೆ. ಆರು ನಿಮಿಷದ ಆಟಕ್ಕೆ ಕಟ್ಟಿದ ಮೈ, ಮೊದಲ ಕ್ಷಣದಿಂದಲೇ ಕಾಲಿಗೆ ನುಗ್ಗುತ್ತದೆ. ಮಣ್ಣು ಪಾದವನ್ನು ಹಿಡಿದುಕೊಳ್ಳುವುದರಿಂದ ಅವರ ವೇಗ ಸ್ವಲ್ಪ ಕಳೆದುಹೋಗುತ್ತದೆ, ಆದರೂ ನಿಂತಲ್ಲೇ ನಿಲ್ಲುವ ಚಟ ಅವರಿಗಿಲ್ಲ. ಸಂಘಟಕರು ಮಾತ್ರ ಇದನ್ನು ಊಟದ ಹೊತ್ತಿಗೋ ಸತ್ಕಾರ ಸಮಾರಂಭದ ನಡುವೆಯೋ ತುರುಕುತ್ತಾರೆ. ಹೌದಾದಲ್ಲಿ ಹುಡುಗಿ ಎದುರಾಳಿಯ ಕಾಲು ಹಿಡಿದು ಎತ್ತುತ್ತಿರುವಾಗ ಧ್ವನಿವರ್ಧಕದಲ್ಲಿ ಮಾಜಿ ಸದಸ್ಯರೊಬ್ಬರಿಗೆ ಫೇಟಾ ಸುತ್ತುವ ಘೋಷಣೆ ನಡೆಯುತ್ತಿರುತ್ತದೆ.

ಇನ್ನು ನಂಬರ್ ಒಂದು. ಅದು ಸಪ್ಪೆಯಾಗುವುದು ಪೈಲವಾನರಿಗೆ ಬಾರದ್ದಕ್ಕಲ್ಲ. ಅವರಿಗೆ ಉಳಿದೆಲ್ಲರಿಗಿಂತ ಹೆಚ್ಚು ಬರುತ್ತದೆ. ಲೆಕ್ಕ ಬೇರೆ ಇದೆ. ದೊಡ್ಡ ಪೈಲವಾನನಿಗೆ ಕೊಡುವ ಮೊತ್ತ ಬಹುಮಟ್ಟಿಗೆ ಮೊದಲೇ ಗೊತ್ತಾಗಿರುತ್ತದೆ. ಗೆದ್ದರೂ ಅಷ್ಟೇ, ಬರಾಬರಿಯಾದರೂ ಹೆಚ್ಚುಕಡಿಮೆ ಅಷ್ಟೇ. ಸೋತರೆ ಮಾತ್ರ ಮುಂದಿನ ಹತ್ತು ಊರಿನ ಬೆಲೆ ಇಳಿಯುತ್ತದೆ. ಹಾಲು, ಬದಾಮಿ, ತುಪ್ಪ, ಥಂಡಾಯಿ ಎಂದು ತಿಂಗಳ ಖುರಾಕಿಗೇ ಸಾಲ ಮಾಡುವ ಬದುಕು ಅದು. ಮೊಣಕಾಲು ಒಮ್ಮೆ ತಿರುಚಿದರೆ ಹಂಗಾಮೇ ಮುಗಿಯಿತು. ಹೀಗಿರುವಾಗ ಬಗಲು ತೆರೆದು ಢಾಕಿಗೆ ಹೋಗುವವನು ಹುಚ್ಚ. ಕಾಲದ ಮಿತಿಯಿಲ್ಲದ ಕುಸ್ತಿ ಎಂದರೆ ಸಾಹಸದ ಕುಸ್ತಿ ಎಂದು ನಾವು ಭಾವಿಸುತ್ತೇವೆ, ಅದು ಅಷ್ಟೇ ಸುಲಭವಾಗಿ ಕಾಯುವ ಕುಸ್ತಿಯೂ ಆಗುತ್ತದೆ.

ಕಾಯುವುದಕ್ಕೂ ವಿದ್ಯೆ ಇದೆ. ಬೆವರಿದ ಮೈ ಜಾರುತ್ತದೆಂದು ಎದುರಾಳಿಯ ಬೆನ್ನಿಗೆ ಮಣ್ಣು ಹಚ್ಚುವುದು ನ್ಯಾಯ, ಪ್ರತಿ ನಿಮಿಷಕ್ಕೊಮ್ಮೆ ಬಗ್ಗಿ ಮಣ್ಣು ಬಾಚುವುದು ಉಸಿರು ತೆಗೆದುಕೊಳ್ಳುವ ನೆಪ. ಹೌದಾದ ಅಂಚಿಗೆ ಸರಿದು ಪಂಚರಿಂದ ಬಿಡಿಸಿಕೊಳ್ಳುವುದು ಮತ್ತೊಂದು. ಬೆರಳು ಹಿಡಿದ ಎಂದು ದೂರುವುದು, ಲಂಗೋಟ ಬಿಗಿದುಕೊಳ್ಳುವುದು, ಕಣ್ಣಿಗೆ ಮಣ್ಣು ಬಿತ್ತೆಂದು ನೀರು ಕೇಳುವುದು. ಹತ್ತಿರ ಕೂತ ಹಳೆಯ ಪೈಲವಾನರು ಇವನ್ನೆಲ್ಲ ಬೆರಳು ಮಡಚಿ ಎಣಿಸುತ್ತಿರುತ್ತಾರೆ. ಅವರ ಮುಖ ನೋಡಿದರೆ ಸಾಕು, ಕುಸ್ತಿ ನೋಡುವ ಅಗತ್ಯವಿಲ್ಲ.

ಈ ರೋಗ ನಮ್ಮೂರಿನದಷ್ಟೇ ಅಲ್ಲ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲವಾನನ ಎದುರು ಪೋಲೆಂಡಿನ ಸ್ಟಾನಿಸ್ಲಾಸ್ ಝ್ಬಿಸ್ಕೊ ಎರಡೂವರೆ ತಾಸು ಹೊಟ್ಟೆ ಅಡಿಯಾಗಿ ನೆಲಕ್ಕೆ ಅಂಟಿಕೊಂಡು ಕಾಲ ಕಳೆದ. ಕುಸ್ತಿ ಬರಾಬರಿ. ವಾರ ಬಿಟ್ಟು ಮತ್ತೆ ಹಿಡಿಯಬೇಕೆಂದು ದಿನ ಗೊತ್ತಾಯಿತು, ಆ ದಿನ ಝ್ಬಿಸ್ಕೊ ಬರಲೇ ಇಲ್ಲ. ಗಾಮಾನಿಗೆ ಪಟ್ಟ ಸಿಕ್ಕಿತು. 1928ರ ಜನವರಿಯಲ್ಲಿ ಪಟಿಯಾಲಾದಲ್ಲಿ ಇಬ್ಬರೂ ಮತ್ತೆ ಎದುರಾದಾಗ, ಗಾಮಾ ಒಂದು ನಿಮಿಷವೂ ತುಂಬುವ ಮೊದಲೇ ಅವನನ್ನು ಚಿತ್ ಮಾಡಿದ.

ಇವೆರಡರ ನಡುವೆ ಇದೇ ಝ್ಬಿಸ್ಕೊ ಅಮೆರಿಕದಲ್ಲಿ ಮಾಡಿದ್ದು ಇನ್ನೂ ಸ್ವಾರಸ್ಯದ್ದು. ಅಲ್ಲಿಯ ವೃತ್ತಿಪರ ಕುಸ್ತಿ ಆಗಲೇ ಪ್ರದರ್ಶನವಾಗಿತ್ತು, ಯಾರು ಗೆಲ್ಲಬೇಕೆಂಬುದು ಒಳಗೆ ತೀರ್ಮಾನವಾಗುತ್ತಿತ್ತು. 1925ರ ಏಪ್ರಿಲ್ 15ರಂದು ಫಿಲಡೆಲ್ಫಿಯಾದಲ್ಲಿ, ಫುಟ್ಬಾಲಿನಿಂದ ಬಂದು ಚಾಂಪಿಯನ್ ಪಟ್ಟ ಹೊತ್ತಿದ್ದ ವೇಯ್ನ್ ಮನ್‌ಗೆ ಸೋಲಬೇಕಾಗಿದ್ದ ಝ್ಬಿಸ್ಕೊ, ಒಪ್ಪಂದ ಮುರಿದು ಅವನನ್ನು ನಿಜವಾಗಿಯೇ ಮತ್ತೆ ಮತ್ತೆ ಕೆಡವಿದ. ನಿಜದ ಕುಸ್ತಿಯಲ್ಲಿ ಮಲಗಿಕೊಂಡವನು ಸುಳ್ಳು ಕುಸ್ತಿಯಲ್ಲಿ ಎದ್ದು ಕುಸ್ತಿ ಮಾಡಿದ! ಎರಡೂ ಕಡೆ ಅವನನ್ನು ನಡೆಸಿದ್ದು ಒಂದೇ ಲೆಕ್ಕಾಚಾರ.

ನಮ್ಮಲ್ಲಿ ಡಬ್ಲ್ಯೂಡಬ್ಲ್ಯೂಎಫ್ ನೋಡುವ ಹುಡುಗರನ್ನು ಹಿರಿಯರು ‘ಅದೆಲ್ಲ ನೂರಾ ಕುಸ್ತಿ’, ಅಂದರೆ ಮೊದಲೇ ಮಾತಾದ ಕುಸ್ತಿ, ಎಂದು ಬೈಯುತ್ತಿದ್ದರು. ಬೈದದ್ದು ಸರಿಯೇ. ಆ ಕಂಪನಿಯೇ 1989ರಲ್ಲಿ ನ್ಯೂಜೆರ್ಸಿಯ ಶಾಸನಸಭೆಯ ಮುಂದೆ ತನ್ನದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತು. ಕ್ರೀಡಾ ಆಯೋಗದ ನಿಯಮ, ತೆರಿಗೆಗಳಿಂದ ಪಾರಾಗಲು ಅದು ಬೇಕಿತ್ತು. ನಮ್ಮ ನೆರೆಯಲ್ಲೇ, ಪುಣೆಯ ಬಾಲೇವಾಡಿಯಲ್ಲಿ ಚಿತ್ರೀಕರಿಸಿದ ‘ರಿಂಗ್ ಕಾ ಕಿಂಗ್’ 2012ರಲ್ಲಿ ಹಿಂದಿ ಚಾನೆಲ್ಲಿನಲ್ಲಿ ಬಂತು. ದಿ ಗ್ರೇಟ್ ಖಲಿ ಜಲಂಧರದಲ್ಲಿ ಇಂಥದೇ ಕುಸ್ತಿಗೆ ತರಬೇತಿ ಶಾಲೆ ತೆರೆದರು. ಅದಕ್ಕೂ ಹಿಂದೆ ದಾರಾ ಸಿಂಗ್, ಕಿಂಗ್‌ಕಾಂಗ್ ಕಾಲದಲ್ಲಿ ಮುಂಬಯಿಯ ಮೈದಾನಗಳು ಇದೇ ಬಗೆಯ ಕುಸ್ತಿಗೆ ತುಂಬಿ ತುಳುಕಿದ್ದವು.

ಆದರೆ ದೊಡ್ಡ ಕಂಪನಿಗಳ ನೆರಳಿಲ್ಲದೆ, ಶಾಲೆಯ ಸಭಾಂಗಣದಲ್ಲೋ ಸಮುದಾಯ ಭವನದಲ್ಲೋ ಇನ್ನೂರು ಜನರ ಮುಂದೆ ನಡೆಯುವ ಇಂಥ ಕುಸ್ತಿಯ ಸಣ್ಣ ಪ್ರದರ್ಶನಗಳ ವಿಮರ್ಶಕರು ಕೇಳುವ ಪ್ರಶ್ನೆಗಳನ್ನು ನಾವು ಕದಿಯಬಹುದು. ಯಾರು ಗೆದ್ದರು ಎಂದು ಅವರು ಕೇಳುವುದಿಲ್ಲ, ಅದು ಮೊದಲೇ ತೀರ್ಮಾನವಾದದ್ದು. ಈ ಇಬ್ಬರನ್ನೇ ಯಾಕೆ ಎದುರುಬದುರು ನಿಲ್ಲಿಸಿದರು? ಈ ಕುಸ್ತಿ ಇದೇ ಹೊತ್ತಿಗೆ ಯಾಕೆ ಬಂತು? ಸೋತವನು ಬಂದಾಗಿನದಕ್ಕಿಂತ ದೊಡ್ಡವನಾಗಿ ಹೋದನೇ? ಕೊನೆಯ ಜೋಡಿ ಕೊನೆಗೆ ಬರಲು ಯೋಗ್ಯವಾಗಿತ್ತೇ? ಒಪ್ಪಂದದ ಕುಸ್ತಿ ಮಾಡುವ ಆ ಪೈಲವಾನ ಕನಿಷ್ಠ ಟಿಕೆಟಿಗೆ ತಕ್ಕಷ್ಟು ಬೀಳುತ್ತಾನೆ, ಏಳುತ್ತಾನೆ, ಬೆನ್ನು ನುಜ್ಜುಗುಜ್ಜು ಮಾಡಿಕೊಳ್ಳುತ್ತಾನೆ. ನಲವತ್ತು ನಿಮಿಷ ಕುತ್ತಿಗೆ ಹಿಡಿದು ನಿಂತು, ಬರಾಬರಿಯ ಹಣ ಎಣಿಸಿಕೊಂಡು ಹೋಗುವ ಅಸಲಿ ಕುಸ್ತಿಗಿಂತ ಪ್ರಾಮಾಣಿಕವಾಗಿ ಆಡಿದ ನಾಟಕವೇ ಮೇಲು ಎಂದು ನಾನಂತೂ ಹೇಳುತ್ತೇನೆ. ತಾಲೀಮಿನವರು ಈ ಮಾತಿಗೆ ಸಿಟ್ಟಾಗುತ್ತಾರೆ, ಆಗಲಿ. ಬರಾಬರಿಗಳೆಲ್ಲ ಒಳಒಪ್ಪಂದ ಎಂದು ನಾನು ಹೇಳುತ್ತಿಲ್ಲ. ಇಬ್ಬರೂ ಮಾತೇ ಆಡದೆ ಒಂದೇ ತೀರ್ಮಾನಕ್ಕೆ ಬರುವಂತೆ ಹಣದ ಏರ್ಪಾಡು ಇರುವಾಗ ಒಪ್ಪಂದ ಬೇರೆ ಯಾಕೆ ಬೇಕು?

ದೊಡ್ಡ ಕುಸ್ತಿಗೆ ದೊಡ್ಡ ಎದೆ ಇದ್ದವರು ಈ ನೆಲದಲ್ಲೇ ಇದ್ದರು. ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದಲ್ಲಿ 1934ರಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬಂತಾ ಸಿಂಗನನ್ನು ಸೋಲಿಸಿ ‘ಹಿಂದ್ ಕೇಸರಿ’ಯಾದರು. ಕನ್ನಡ ನೆಲದಲ್ಲಿ ಹುಟ್ಟಿ, ಕೊಲ್ಹಾಪುರದ ಮಣ್ಣಿನಲ್ಲಿ ಬೆಳೆದು, ಎರಡೂ ರಾಜ್ಯದವರು ‘ನಮ್ಮವ’ ಎನ್ನುವಂತೆ ಬಾಳಿ 2020ರ ಡಿಸೆಂಬರಿನಲ್ಲಿ ತೀರಿಕೊಂಡರು. ಹಾಗೆಂದು ಹಿಂದಿನದೆಲ್ಲ ಬಂಗಾರ ಎನ್ನಲಾರೆ. ಹಿಂದೆಯೂ ತಾಸುಗಟ್ಟಲೆ ನಿಂತ ಕುಸ್ತಿಗಳಿದ್ದವು. ಸಂಸ್ಥಾನಗಳಿದ್ದ ಕಾಲದಲ್ಲಿ ಪೈಲವಾನನ ಹೊಟ್ಟೆ ಅವುಗಳ ಲೆಕ್ಕದಲ್ಲಿ ತುಂಬುತ್ತಿತ್ತು. ಒಂದು ಕುಸ್ತಿ ಸೋತರೂ ಮರುದಿನದ ಹಾಲು ತಪ್ಪುತ್ತಿರಲಿಲ್ಲ. ಸಂಸ್ಥಾನಗಳು ಹೋದವು. ಈಗ ಆ ಜಾಗದಲ್ಲಿ ಜಾತ್ರಾ ಕಮಿಟಿ, ಸಕ್ಕರೆ ಕಾರ್ಖಾನೆಯ ಧಣಿಗಳು, ಚುನಾವಣೆಗೆ ನಿಲ್ಲಬೇಕೆಂದಿರುವವರು. ಅವರಿಗೆ ಬೇಕಾದ್ದು ಫ್ಲೆಕ್ಸಿನಲ್ಲಿ ದೊಡ್ಡ ಹೆಸರು. ಹೆಸರು ಬಂದು ಹೌದಾದಲ್ಲಿ ನಿಂತರೆ ಅವರ ದುಡ್ಡು ವಸೂಲಾಯಿತು, ಕುಸ್ತಿ ಆದರೇನು ಬಿಟ್ಟರೇನು.

ಮೈಕು ಹಿಡಿದು ಕುಸ್ತಿ ಬಣ್ಣಿಸುವ ನಿವೇದಕರ ಬಗ್ಗೆಯೂ ಒಂದು ಮಾತು. ಗಡಿಯ ಮೈದಾನಗಳಲ್ಲಿ ಮರಾಠಿ, ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಅದ್ಭುತ ಮಾತುಗಾರರಿದ್ದಾರೆ. ಪೈಲವಾನನ ಊರು, ವಸ್ತಾದ, ತಾಲೀಮು, ಹೋದ ವರ್ಷ ಎಲ್ಲಿ ಯಾರನ್ನು ಯಾವ ಪಟ್ಟಿನಲ್ಲಿ ಕೆಡವಿದ ಎಂಬುದೆಲ್ಲ ನಾಲಿಗೆಯ ತುದಿಯಲ್ಲಿರುತ್ತದೆ. ಒಳ್ಳೆಯ ನಿವೇದಕ ಸುಮ್ಮನಿರಬೇಕಾದಾಗ ಸುಮ್ಮನಿರುತ್ತಾನೆ. ಉಳಿದವರು ಸತ್ತ ಕುಸ್ತಿಗೆ ಮಾತಿನಿಂದ ಜೀವ ತುಂಬಲು ಹೋಗುತ್ತಾರೆ. ಇಬ್ಬರು ನಿಂತಲ್ಲೇ ನಿಂತಿರುವಾಗ ‘ರೋಮಾಂಚಕಾರಿ ಲಢತ್’ ಎಂದು ಮೈಕಿನಲ್ಲಿ ಕಿರುಚಿದರೆ ಕಣ್ಣಿದ್ದವರಿಗೆ ಸಿಟ್ಟು ಬಾರದಿರುತ್ತದೆಯೇ?

ಮ್ಯಾಟಿನ ಕುಸ್ತಿ ಈ ನಿಂತ ನೀರಿಗೆ ಮದ್ದು ಕಂಡುಕೊಂಡಿದೆ. ಫ್ರೀಸ್ಟೈಲಿನಲ್ಲಿ ಸುಮ್ಮನೆ ನಿಂತವನಿಗೆ ಎಚ್ಚರಿಕೆ ಕೊಡುತ್ತಾರೆ, ಆಮೇಲೆ ಮೂವತ್ತು ಸೆಕೆಂಡಿನ ಗಡುವು. ಅಷ್ಟರಲ್ಲಿ ಯಾರೂ ಅಂಕ ಗಳಿಸದಿದ್ದರೆ ಎದುರಾಳಿಗೆ ಒಂದು ಅಂಕ. ಮಣ್ಣಿನ ಮೈದಾನಗಳಲ್ಲೂ ಕೆಲವು ಕಡೆ ಇಪ್ಪತ್ತು ಮೂವತ್ತು ನಿಮಿಷದ ನಂತರ ಅಂಕದ ಮೇಲೆ ತೀರ್ಪು ಕೊಡುವ ಪದ್ಧತಿ ಬಂದಿದೆ: ಮೊದಲು ಕೆಳಗೆ ತಂದವನು ಗೆದ್ದ. ಇದನ್ನು ಸಂಪ್ರದಾಯಕ್ಕೆ ಕುಂದು ಎಂದು ವಿರೋಧಿಸುವವರಿದ್ದಾರೆ. ನನಗೂ ಅರೆಮನಸ್ಸಿದೆ, ಏಕೆಂದರೆ ಅಂಕದ ಭಯಕ್ಕೆ ಹಿಡಿಯುವ ಕುಸ್ತಿಯಲ್ಲಿ ಕಲಾಜಂಗ ಬರುವುದಿಲ್ಲ, ಅವಸರದ ಕಾಲೆಳೆತ ಬರುತ್ತದೆ. ನನ್ನನ್ನು ಕೇಳಿದರೆ ಗಡಿಯಾರಕ್ಕಿಂತ ಪಾಕೀಟನ್ನು ತಿದ್ದಬೇಕು. ಗೊತ್ತು ಮಾಡಿದ ಹಣದ ಅರ್ಧವನ್ನು ನಿಕಾಲಕ್ಕೆ ಕಟ್ಟಿಡಿ. ಬರಾಬರಿಯಾದರೆ ಆ ಅರ್ಧ ಇಳಿಹೊತ್ತಿನಲ್ಲಿ ಗೆದ್ದ ಹುಡುಗರಿಗೆ ಹಂಚಿಕೆಯಾಗುತ್ತದೆಂದು ಮೊದಲೇ ಮೈಕಿನಲ್ಲಿ ಸಾರಿ. ಗಾಯವಾದರೆ ಔಷಧದ ಖರ್ಚು ಕಮಿಟಿಯದು ಎಂದೂ ಸೇರಿಸಿ, ಇಲ್ಲದಿದ್ದರೆ ಯಾವ ಪೈಲವಾನನೂ ಮೊಣಕಾಲನ್ನು ಪಣಕ್ಕಿಡುವುದಿಲ್ಲ. ಹೆಣ್ಣುಮಕ್ಕಳ ಕುಸ್ತಿಯನ್ನು ನಂಬರ್ ಒಂದಕ್ಕೆ ಸರಿಯಾಗಿ ಮುಂಚೆ ಇಡಿ, ಆಗ ದೊಡ್ಡವರಿಗೆ ಹೋಲಿಕೆಯ ಭಯವಾದರೂ ಇರುತ್ತದೆ. ಸತ್ಕಾರಗಳನ್ನೆಲ್ಲ ಮೂರು ಗಂಟೆಯೊಳಗೆ ಮುಗಿಸಿ.

ಕಮಿಟಿಯವರು ಇದನ್ನೆಲ್ಲ ಕೇಳುತ್ತಾರೆಯೇ? ಮುಂದಿನ ವರ್ಷದ ಪಟ್ಟಿ ಮಾಡಲು ಗುಡಿಯ ಪೌಳಿಯಲ್ಲಿ ಕೂತಾಗ, ಮೊದಲ ಚರ್ಚೆ ಈಗಲೂ ಯಾವ ಕೇಸರಿಯನ್ನು ಕರೆಸೋಣ, ಅವನ ಬೆಲೆ ಎಷ್ಟು ಎಂಬುದೇ. ಇಳಿಹೊತ್ತಿನ ಹುಡುಗರ ಹೆಸರನ್ನು ಬರೆದಿಟ್ಟುಕೊಂಡವರು ಆ ಸಭೆಯಲ್ಲಿ ಯಾರೂ ಇರುವುದಿಲ್ಲ. ಮೈದಾನದ ಹಿಂದಿನ ಸಾಲಿನಲ್ಲಿ ಕೂತಿದ್ದವರಿಗೆ ಮಾತ್ರ ಅವರ ಊರೂ ಗೊತ್ತು, ವಸ್ತಾದನೂ ಗೊತ್ತು.